ಬೇಡ ಅಂದವರ ಮನೆಯ ಹಾಡು

ಗುಂಡ್ಲುಪೇಟೆಯ ಛತ್ರವೊಂದರಲ್ಲಿ ಆರತಕ್ಷತೆ ನಿಂತೇಹೋಗುವ ಹಂತಕ್ಕೆ ಬಂದಿತ್ತು. ಕಾರಣ ಇಷ್ಟೆ: ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಹಾಡಿನ ಹತ್ತಾರು ಪ್ರತಿಗಳಿದ್ದವು, ನಾನು ಒಂದನ್ನು ಬಿಟ್ಟು ಉಳಿದವನ್ನು ಅಳಿಸಿದ್ದೆ.

ನಾನು ಹಾಡು ಹಾಕಲು ಹೋಗುವ ಪ್ರತಿ ಮದುವೆಗೂ ಹಾಡುಗಳನ್ನು ಆಯಾ ಮನೆಯವರ ಹೆಸರಿನಲ್ಲಿ ಬೇರೆಯಾಗಿ ತುಂಬಿಕೊಳ್ಳುವುದು ನನ್ನ ಪದ್ಧತಿ. ಹೀಗೆ ತುಂಬಿ ತುಂಬಿ ಹಾಡುಗಳು ಇಪ್ಪತ್ತು ಸಾವಿರ ದಾಟಿದವು. ಡಿಜೆ ಸಾಫ್ಟ್‌ವೇರ್ ತೆರೆಯುವುದಕ್ಕೇ ಏದುಸಿರು ಬಿಡತೊಡಗಿತು. ಹೆಚ್ಚಿನ ಪ್ರತಿಗಳನ್ನು ಅಳಿಸಲು ಅದಕ್ಕೇ ಹೇಳಿದೆ; ಅದು ಎಲ್ಲಕ್ಕಿಂತ ಹಳೆಯ ಪ್ರತಿಯನ್ನು, ಅದರ ಮೇಲಿದ್ದ ಹೆಸರಿನ ಸಮೇತ, ಉಳಿಸಿಕೊಂಡಿತು.

ಮದುಮಗಳು ವೇದಿಕೆಗೆ ಬರುವ ಹೊತ್ತಿಗೆ ಅವಳ ತಂದೆ ಪರದೆಯನ್ನು ಇಣುಕಿ ನೋಡಿದರು. ಹಾಡಿನ ಪಕ್ಕದಲ್ಲಿ ಸಂತೆಮರಹಳ್ಳಿಯವರೊಬ್ಬರ ಹೆಸರಿತ್ತು.

“ನಮ್ ಉಡ್ಗೀನ ನೋಡ್ಬುಟ್ಟು ಬ್ಯಾಡ ಅಂದೋರು ಕಣಪ್ಪ ಇವ್ರು. ಅವ್ರ ಮನೆ ಆಡ್ಗೆ ನನ್ ಮಗಳು ನಡ್ಕಂಡು ಬರ್ಬೇಕಾ?”

“ಯಾರ ಮನೆಯದಾದರೂ ಹಾಡು ಒಂದೇ ಯಜಮಾನ್ರೇ.”

“ಬಣ್ಣ ಒಂದೇ ಅಂತ ಅವ್ರ ಮನೆ ಸೀರೆ ಉಡುಸ್ಬುಡನಾ?”

ಒಳಗೆ ಮದುಮಗಳು ಹಾರ ಹಿಡಿದು ನಿಂತಿದ್ದಳು. ಯಜಮಾನರ ಕಣ್ಣೆದುರೇ ಆ ಹಾಡಿನ ಇನ್ನೊಂದು ಪ್ರತಿ ಮಾಡಿ, ಅವರ ಹೆಸರು ಹಾಕಿದೆ.

“ಎರ್ಡೂ ಆಕು, ಕೇಳನ.”

ಹಾಕಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಇದು ನಮ್ದು. ಅವ್ರುದ್ರಲ್ಲಿ ತಬ್ಲ ಜಾಸ್ತಿ ಆಯ್ತು.”

ನಾನೂ ಇನ್ನೊಮ್ಮೆ ಎರಡನ್ನೂ ಕೇಳಿದೆ. ಸ್ವಲ್ಪ ಜಾಸ್ತಿಯೇ ಅನ್ನಿಸಿತು.

ಮದುಮಗಳು ತಬಲ ಕಡಿಮೆ ಇರುವ ಹಾಡಿಗೆ ವೇದಿಕೆ ಹತ್ತಿದಳು.