ಕಾಲುಜ್ಜಿದ ಕಲ್ಲು

ಶಿರಾದಲ್ಲಿ ಬಣ್ಣದ ಮೀನು ಮಾರುವ ನವಾಜನ ಸಿಟ್ಟು ಇಡೀ ಬೀದಿಗೆ ಗೊತ್ತು. ಹೊಸ ಉಪ್ಪುನೀರಿನ ತೊಟ್ಟಿಗೆಂದು, ಯಾರೋ ಬಳಸಿ ಬಿಟ್ಟ, ಮೈಯೆಲ್ಲ ತೂತಿನ ಒರಟು ಹವಳದ ಕಲ್ಲುಗಳನ್ನು ತಂದು, ಬ್ಲೀಚಿಂಗ್ ನೀರಲ್ಲಿ ನೆನೆಸಿ, ಸಂದುಗೊಂದೆಲ್ಲ ಬ್ರಷ್ಷಿನಿಂದ ಉಜ್ಜಿ, ಮತ್ತೆ ಮತ್ತೆ ತೊಳೆದು ತಾರಸಿಯ ಮೇಲೆ ಒಣಹಾಕಿದ್ದ. ಇವತ್ತು ನೋಡಿದರೆ ತಾಯಿ ಶಾಹಜಾದಿ ಬಚ್ಚಲಲ್ಲಿ ಕೂತು, ಅದರಲ್ಲೇ ಒಂದಕ್ಕೆ ಸೋಪು ಹಚ್ಚಿ ಹಿಮ್ಮಡಿ ಉಜ್ಜುತ್ತಿದ್ದಾಳೆ. ನವಾಜನಿಗೆ ಮೈಯೆಲ್ಲ ಉರಿದುಹೋಯಿತು.

“ಸೋಪು ಕುಡಿದ ಕಲ್ಲು ತೊಟ್ಟಿಗೆ ಹಾಕಿದ್ರೆ ಮೀನೆಲ್ಲ ಸಾಯ್ತವೆ ಅಮ್ಮಿ. ಕೇಳದೆ ಯಾಕೆ ಮುಟ್ಟಿದೆ?”

ಶಾಹಜಾದಿ ಕಲ್ಲನ್ನು ನೆಲಕ್ಕೆ ಕುಕ್ಕಿದಳು. “ಕಾಲುಜ್ಜೋಕೆ ಒಂದು ಕಲ್ಲು ತಂದ್ಕೊಡು ಅಂತ ರಂಜಾನಿಂದ ಬಡ್ಕೊಂಡೆ. ಅಷ್ಟು ಮುತುವರ್ಜಿಯಿಂದ ತೊಳೀತಿದ್ದೆಯಲ್ಲ, ನನಗೇ ಅಂದ್ಕೊಂಡೆ ಕಣೋ.”