ನೆಟ್ಟಗಿದ್ದ ಬೇವು

ನಮ್ಮ ತೋಟ ಕೊಣ್ಣೂರಿನಿಂದ ಸ್ವಲ್ಪ ಆಚೆ, ಕಬ್ಬಿನ ನಡುವೆ. ಮನೆ, ದನದ ಕೊಟ್ಟಿಗೆ, ಆಳುಗಳ ವಸತಿ ಎಲ್ಲಕ್ಕೂ ಹಳೆಯ ಮರಗಳದೇ ನೆರಳು. ಮಳೆಗಾಲಕ್ಕೆ ಮುಂಚೆ ಕಟ್ಟಿಗೆಯ ಕೊಡತಿ ಹಿಡಿದು ಒಂದೊಂದು ಮರವನ್ನೂ ಬಡಿದು ನೋಡುವುದು, ಒಣಗಿದ ಟೊಂಗೆ ಕಡಿಸುವುದು ನನ್ನ ಕೆಲಸ. ತೋಟಗಾರಿಕೆ ಓದಿ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ?

ಮನೆಯವರೆಲ್ಲ ಹೆದರುತ್ತಿದ್ದದ್ದು ಕೊಟ್ಟಿಗೆಯ ಪಕ್ಕದಲ್ಲಿ ವಾಲಿ ನಿಂತ ಬೇವಿಗೆ. "ಅದು ಒಂದಿನ ಯಾರ ಮ್ಯಾಲರ ಬೀಳ್ತೈತಿ" ಎಂದು ನನ್ನ ಗಂಡ ಮಾವನ ಮಂಚವನ್ನು ಅದರಡಿಯಿಂದ ಎತ್ತಿಸಿ, ಅಂಗಳದ ಇನ್ನೊಂದು ಬೇವಿನಡಿ ಹಾಕಿಸಿದ್ದರು. ಇದೋ, ತಾಲೀಮಿನ ಪೈಲ್ವಾನನಂತೆ ನೆಟ್ಟಗಿತ್ತು. ಅತ್ತೆ ತೀರಿಕೊಂಡ ಮೇಲೆ ಅವರ ನೆನಪಿಗೆಂದು ಮಾವ ಇದರ ಸುತ್ತ ಕಟ್ಟೆ ಕಟ್ಟಿಸಿ, ಸೊಂಟದ ಮಟ್ಟಕ್ಕೆ ಎರೆಮಣ್ಣು ತುಂಬಿಸಿ, ಹೊರಗೆಲ್ಲ ಬಿಳಿ ಟೈಲ್ಸ್ ಹಾಕಿಸಿದ್ದರು. ದಿನವೂ ಲಿಂಗಪೂಜೆಯಾದ ಮೇಲೆ ಬುಡಕ್ಕೆ ಒಂದು ಕೊಡ ನೀರು. ಮಧ್ಯಾಹ್ನದ ನಿದ್ದೆಯೂ ಅಲ್ಲೇ.

ಈ ಸಲ ಬಡಿದು ನೋಡಿದರೆ ವಾಲಿದ ಬೇವು ಗಟ್ಟಿಯಾಗಿತ್ತು. ಅದು ಬೆಳೆದದ್ದೇ ಹಾಗೆ. ನೆಟ್ಟಗಿದ್ದದ್ದು ಮಾತ್ರ, ಮಣ್ಣಿಗೆ ತುಸು ಮೇಲೆ, ಖಾಲಿ ಡಬ್ಬಿಯ ಹಾಗೆ ಸದ್ದು ಮಾಡಿತು. ಅಂದರೆ ಒಳಗೆ ಪೊಳ್ಳು.

"ಮಾವಾರ, ಈ ಕಟ್ಟಿ ಒಡದು ನೋಡಬೇಕ್ರಿ."

"ನನ್ನ ಮಣ್ಣಿಗಿಟ್ಟ ಮ್ಯಾಲೆ ಒಡಿ" ಎಂದವರೇ ಮಗ್ಗಲು ತಿರುಗಿ ಮಲಗಿಬಿಟ್ಟರು.

ಹಟದಲ್ಲಿ ನಾನೇನು ಕಡಿಮೆಯವಳಲ್ಲ. ಅವರು ಮದುವೆಗೆಂದು ಮೂಡಲಗಿಗೆ ಹೋದ ದಿನ ಆಳುಗಳನ್ನು ಕರೆದು ಕಟ್ಟೆಯ ಒಂದು ಬದಿ ಒಡೆಸಿದೆ. ಮಣ್ಣಿನೊಳಗೆ ತೊಗಟೆ ನೆನೆದ ರಟ್ಟಿನಂತಾಗಿತ್ತು, ಅಣಬೆ ಎದ್ದಿತ್ತು. ಕೈ ಹಾಕಿದರೆ ಮೊಣಕೈವರೆಗೂ ಒಳಗೆ ಹೋಯಿತು. ಕಾಂಡವನ್ನು ಹೂತು ದಿನವೂ ನೀರು ಹಾಕಿದರೆ ಕೊಳೆಯದೆ ಇನ್ನೇನಾದೀತು! ಪ್ರೀತಿಯಿಂದಲೇ ಮರವನ್ನು ಕೊಂದಿದ್ದರು. ಅಂದೇ ಸುತ್ತ ಮುಳ್ಳುಬೇಲಿ ಹಾಕಿಸಿ, ಮಂಚವನ್ನು ವಾಲಿದ ಬೇವಿನಡಿಗೆ ಸಾಗಿಸಿದೆ. ಮರ ಕಡಿಯುವವರಿಗೂ ಹೇಳಿ ಕಳಿಸಿದೆ.

ಮಾವ ಬಂದವರು ಒಡೆದ ಟೈಲ್ಸ್ ನೋಡಿದರು, ಬುಡ ನೋಡಲು ಹೋಗಲಿಲ್ಲ. ನನ್ನೊಡನೆ ಮಾತು ಬಿಟ್ಟರು. ಸೊಸೆಯಲ್ಲ, ವೈರಿ ಎಂದು ಬಂದವರ ಮುಂದೆಲ್ಲ ಹೇಳಿದರಂತೆ. ನನಗೆ ತುಂಬ ನೋವಾಯಿತು. ಆದರೂ ಮಂಚವನ್ನು ಹಿಂದಕ್ಕೆ ತರಲು ಬಿಡಲಿಲ್ಲ.

ಕಡಿಯುವವರು ಬರುವ ಮೊದಲೇ ಗಾಳಿ ಬಂತು. ಮಾವ ಮಲಗುವ ಹೊತ್ತು. ನಾನು ಅಡುಗೆಮನೆಯಲ್ಲಿದ್ದೆ, ನೆಲವೇ ನಡುಗುವಂತೆ ಸದ್ದಾಯಿತು. ಬರಿಗಾಲಲ್ಲಿ ಓಡಿದೆ. ನೆಟ್ಟಗಿದ್ದ ಬೇವು ಬುಡದಲ್ಲೇ ಮುರಿದು, ಮೊದಲು ಮಂಚವಿದ್ದ ಜಾಗದ ಮೇಲೆ ಉದ್ದಕ್ಕೂ ಬಿದ್ದಿತ್ತು. ಆ ಕಡೆ, ವಾಲಿದ ಮರದಡಿ, ಮಾವ ಕಣ್ಣುಜ್ಜಿಕೊಳ್ಳುತ್ತ ಎದ್ದು ಕುಳಿತಿದ್ದರು. ಹೋದ ಜೀವ ಬಂದಂತಾಯಿತು. ಅಲ್ಲೇ ಗಳಗಳನೆ ಅತ್ತುಬಿಟ್ಟೆ.

ಗಾಳಿ ನಿಂತ ಮೇಲೆ ಅವರು ಮೆಲ್ಲಗೆ ಬಂದು, ಮುರಿದ ಬುಡದ ಪೊಳ್ಳಿನೊಳಗೆ ಕೈ ಹಾಕಿ ನೋಡಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ನಿಮ್ಮತ್ತಿ ಇದ್ದಿದ್ರ, ನಿನಗಿಂತ ಮೊದಲ ನನ್ನ ಬೈದು ಇಲ್ಲಿಂದ ಎಬ್ಬಸ್ತಿದ್ಲವ್ವಾ" ಎಂದರು.