ಪರದೇಶಿ ಗೊಂಬೆ

ಗುಂಜಿಯೆಂಬ ಹಳ್ಳಿಯಿಂದ ಲಗ್ನವಾಗಿ ವಡಗಾವಿಯ ನೇಕಾರರ ಓಣಿಗೆ ಬಂದ ಸಂಗವ್ವನಿಗೆ ಬಿದ್ದದ್ದನ್ನು ಎತ್ತಿಕೊಳ್ಳುವ ಚಟ. ಗಂಡ ತೀರಿಕೊಂಡ ಮೇಲೆ ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಮನೆಗೆ ಬರುವಾಗ ಸೆರಗಿನಲ್ಲಿ ಏನಾದರೊಂದು ಇರಲೇಬೇಕು: ಸೀಳಿದ ಮಗ್ಗದ ಲಾಳಿ, ಮುರಿದ ಛತ್ರಿಯ ಕಡ್ಡಿ, ದಂಡಿನ ಗೋರಾ ಸಿಪಾಯಿಗಳು ಎಸೆದ ಬಿಸ್ಕೀಟು ಡಬ್ಬಿ. ಓಣಿಯವರು ನಗುತ್ತಿದ್ದರು. ನಕ್ಕವರ ಹಲ್ಲು ಉದುರಿದ್ದರೆ ಅದನ್ನೂ ಆರಿಸಿಕೊಳ್ಳುತ್ತಿದ್ದಳೇನೋ!

ಆ ಕಸದಿಂದಲೇ ಅವಳು ಮೂರು ವರ್ಷದ ಕೂಸಿನೆತ್ತರದ ಗೊಂಬೆ ಕಟ್ಟಿದಳು. ಸೋಡಾ ಗೋಲಿಯ ಕಣ್ಣು, ಲಾಳಿಯ ಮೂಗು, ಛತ್ರಿ ಕಡ್ಡಿಯ ಬೆರಳು. ಎದೆಗೆ ಬಿಸ್ಕೀಟು ಡಬ್ಬಿ. ಅದರೊಳಗೆ, ದೊಡ್ಡ ಜ್ವರದ ವರ್ಷ ತೀರಿಹೋದ ಮಗಳು ಮಾಯವ್ವನ ತಲೆಗೆ ಕಟ್ಟುತ್ತಿದ್ದ ಕುಂಚಿಗೆ. ಮಗಳದೆಂದು ಉಳಿದದ್ದು ಅದೊಂದೇ.

ಸ್ವದೇಶಿ ಚಳವಳಿ ಕಾವೇರಿದ್ದ ದಿನಗಳವು. ಒಂದು ಸಂಜೆ ಪೇಟೆಯ ವಕೀಲರ ಮಗ ಬಿಂದುಮಾಧವ, ಬೆಂಕಿಗೆ ಹಾಕಲು ವಿಲಾಯತಿ ಮಾಲು ಕೂಡಿಸುತ್ತ, ಗೆಳೆಯರೊಡನೆ ಓಣಿ ಹೊಕ್ಕ. ಮನೆಯಲ್ಲಿ ಮರಾಠಿ, ಬೀದಿಯಲ್ಲಷ್ಟೇ ಕನ್ನಡ ಆಡುವ ಹುಡುಗ. ಸಂಗವ್ವನ ಬಾಗಿಲಲ್ಲಿದ್ದ ಗೊಂಬೆಯ ಎದೆಯ ಮೇಲಿನ ಇಂಗ್ರಜಿ ಅಕ್ಷರ ಕಂಡು ನಿಂತ.

“ಅಕ್ಕಾರ, ಇದರಾಗ ಪರದೇಶಿ ಏನೇನೈತಿ?”

ಇಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ. ಸಂಗವ್ವ ಹಿಗ್ಗಿದಳು. “ಎಲ್ಲಾ ಪರದೇಶಿನರೀ ರಾಯರ. ಯಾರಿಗೂ ಬ್ಯಾಡಾದವು.”

“ಶಾಬಾಸ್!” ಎಂದು ಅವರು ಗೊಂಬೆಯನ್ನು ಹೊತ್ತುಕೊಂಡೇ ಹೋದರು. ಅವನಿಗೆ ಪರದೇಶಿ ಎಂದರೆ ಹೊರದೇಶದ್ದು, ಇವಳಿಗೆ ದಿಕ್ಕಿಲ್ಲದ್ದು. ಮಂದಿಗೆ ತೋರಿಸಲು ಒಯ್ದರೆಂದುಕೊಂಡು, ಬಾಗಿಲು ಮುಂದೆ ಮಾಡಿ ಇವಳೂ ಹಿಂದೆ ನಡೆದಳು, ಪಾಪ.

ಚೌಕದಲ್ಲಿ ಉರಿ ಆಳೆತ್ತರ ಎದ್ದಿತ್ತು. ಇಬ್ಬರು ಗೊಂಬೆಯ ಕೈಕಾಲು ಹಿಡಿದು ತೂಗುತ್ತಿದ್ದರು. ಸುಡಲು ತಂದದ್ದೆಂದು ಸಂಗವ್ವನಿಗೆ ಈಗ ಹೊಳೆಯಿತು. ಮಂದಿಯನ್ನು ತಳ್ಳಿ ನುಗ್ಗಿ ಗೊಂಬೆಯನ್ನು ತಬ್ಬಿದಳು.

“ಬಿಡ್ರಿ! ಇದರಾಗ ನನ್ನ ಕೂಸಿನ ಕುಂಚಿಗಿ ಐತಿ!”

“ಹಾಕ್ರಿ, ಹಾಕ್ರಿ!” ಹಿಂದಿನವರು ಕೂಗಿದರು.

ಬಿಂದುಮಾಧವ ಸಿಟ್ಟಾದ. “ಎಲ್ಲಾ ಪರದೇಶಿ ಅಂದವ್ರು ನೀವ ಅಲ್ಲೇನ್ರೀ?”

“ಹೌದ್ರೀ, ಅಂದೆ. ಗಂಡ ಇಲ್ಲ, ಮಗಳಿಲ್ಲ, ನಾನೂ ಪರದೇಶಿನ. ಮೊದಲು ನನ್ನ ಹಾಕ್ರಿ.”

ಆಗ ಅವನಿಗೆ ಅವಳಾಡಿದ ಆ ಶಬ್ದದ ಅರ್ಥ ತಿಳಿಯಿತು. ಅಷ್ಟರಲ್ಲಿ ಗೊಂಬೆಯ ಚಿಂದಿಯ ಪಾದಕ್ಕೆ ಕಿಡಿ ತಾಗಿ ಉರಿ ಮೇಲೇರತೊಡಗಿತ್ತು. ಹುಡುಗ ಹೆಗಲಿನ ಹೊಸ ಖಾದಿ ಶಾಲು ಎಳೆದು ಬಡಿದ, ಆರುವ ತನಕ ಬಡಿದ. ಶಾಲು ಸುಟ್ಟು ಕರಕಲಾಯಿತು.

ಸಂಗವ್ವ ಡಬ್ಬಿ ತೆರೆದಳು. ಕುಂಚಿಗೆ ಬೆಚ್ಚಗಿತ್ತು, ಈಗಷ್ಟೇ ಕೂಸಿನ ತಲೆಯಿಂದ ತೆಗೆದ ಹಾಗೆ.